ಕಟ್ಟು: ಒಂದು ಕ್ರಿಯಾಪದ ಮತ್ತು ನೆರಿಯ ಸೀಮೆಯ ಕಟ್ಟಳೆಗಳು

ಕಟ್ಟು (ಕ್ರಿಯಾಪದ): ಸಡಿಲವಾದುದನ್ನು ಬಿಗಿ; ಬಿಡಿಯಾದುದನ್ನು ಒಂದುಗೂಡಿಸು; ಹರಿಯುವುದನ್ನು ತಡೆದು ನಿಲ್ಲಿಸು; ಇಲ್ಲದ್ದನ್ನು ಎಬ್ಬಿಸು; ಇಷ್ಟು, ಹೀಗೆ, ಇಂಥವರಿಂದ ಎಂದು ಗೊತ್ತುಪಡಿಸು. ಈ ಕೊನೆಯ ಅರ್ಥವೇ ಇಲ್ಲಿನ ವಿಷಯ. ನಿಯಮಗಳಿಂದ ಒಂದು ವ್ಯವಹಾರವನ್ನು ಹದ್ದಿನೊಳಗೆ ಇಡುವುದಕ್ಕೆ ಇಂದಿನ ಬರಹದ ಕನ್ನಡ ‘ನಿಯಂತ್ರಿಸು’ ಎನ್ನುತ್ತದೆ, ಸರ್ಕಾರಿ ಕನ್ನಡ ‘ವಿನಿಯಮಿಸು’ ಎನ್ನುತ್ತದೆ. ಅವೆರಡಕ್ಕಿಂತ ಹಿಂದಿನಿಂದ ಆ ಕೆಲಸ ಮಾಡುತ್ತ ಬಂದದ್ದು ‘ಕಟ್ಟು’. ಅದರಿಂದ ಹುಟ್ಟಿದ ಕಟ್ಟಳೆ, ಕಟ್ಟುಪಾಡು, ಕಟ್ಟುನಿಟ್ಟು, ಕಟ್ಟಾಜ್ಞೆ, ಚೌಕಟ್ಟು ಎಂಬ ಪದಗಳಿಲ್ಲದೆ ಕನ್ನಡದಲ್ಲಿ ಕಾನೂನಿನ ಮಾತು ಆಡುವುದು ಕಷ್ಟ. ಪದವನ್ನು ನಿಘಂಟಿನಲ್ಲಿ ನೋಡಿದರೆ ಅರ್ಥಗಳ ಪಟ್ಟಿ ಸಿಗುತ್ತದೆ. ಆ ಅರ್ಥಗಳು ಒಂದರೊಳಗೊಂದು ಹೆಣೆದುಕೊಂಡ ಬಗೆ ತಿಳಿಯಲು ಒಂದು ನೆಲ ಬೇಕು. ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲೂಕಿನ ನೆರಿಯ ಗ್ರಾಮವನ್ನೂ ಅದರ ಸುತ್ತಣ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಸೀಮೆಯನ್ನೂ ಇಲ್ಲಿ ಆ ನೆಲವಾಗಿ ಇಟ್ಟುಕೊಳ್ಳಲಾಗಿದೆ.

ನೆರಿಯ ಚಾರ್ಮಾಡಿ ಘಟ್ಟದ ಬುಡದ ಊರು. ವರ್ಷಕ್ಕೆ 4,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಕಾಡಿನಂಚು. ನೆರಿಯ ಹೊಳೆ ಇಲ್ಲಿಂದ ಇಳಿದು ನೇತ್ರಾವತಿಯನ್ನು ಸೇರುತ್ತದೆ. ಧರ್ಮಸ್ಥಳ ಹತ್ತಿರದಲ್ಲಿದೆ. ಮನೆಮಾತು ಹೆಚ್ಚಿನವರಿಗೆ ತುಳು. ಜೊತೆಗೆ ಕನ್ನಡ, ಕೇರಳದಿಂದ ಬಂದು ಕಾಡಂಚಿನಲ್ಲಿ ತೋಟ ಎಬ್ಬಿಸಿದ ಸುರಿಯಾನಿ ಕ್ರೈಸ್ತರ ಮಲಯಾಳಂ, ತಾಲೂಕಿನ ಚಿತ್ಪಾವನರ ಮರಾಠಿ. ಈ ನುಡಿಗಳನ್ನು ಪಕ್ಕಪಕ್ಕ ಇಟ್ಟರೆ ‘ಕಟ್ಟು’ವಿನ ಬಂಧುಬಳಗ ಅರ್ಧ ಕಾಣಿಸುತ್ತದೆ. ತುಳುವಿನ ‘ಕಟ್ಟುನಿ’, ಮಲಯಾಳಂನ ‘ಕೆಟ್ಟುಗ’, ತಮಿಳು ಮತ್ತು ತೆಲುಗಿನ ‘ಕಟ್ಟು’ ಎಲ್ಲವೂ ಒಂದೇ ದ್ರಾವಿಡ ಧಾತುವಿನವು. ಮರಾಠಿಯ ‘ಬಾಂಧಣೆ’ ಬೇರೆ ಕುಲದ್ದು, ಸಂಸ್ಕೃತದ ‘ಬಂಧ್’ ಧಾತುವಿನಿಂದ ಬಂದದ್ದು. ಆದರೂ ಅದರ ನಡೆ ಇದೇ: ಬಿಗಿಯುವುದಕ್ಕೂ ಮನೆ ಎಬ್ಬಿಸುವುದಕ್ಕೂ ಅಲ್ಲಿ ಒಂದೇ ಕ್ರಿಯಾಪದ.

ನಿಯಮದ ಅರ್ಥಕ್ಕೆ ಈ ಧಾತುವನ್ನು ತಿರುಗಿಸಿದ್ದು ಕನ್ನಡವೊಂದೇ ಅಲ್ಲ. ತಮಿಳಿನಲ್ಲಿ ‘ಕಟ್ಟಳೈ’ ಅಪ್ಪಣೆ, ‘ಕಟ್ಟುಪ್ಪಾಡು’ ನಿಯಂತ್ರಣ; ತಮಿಳುನಾಡಿನ ದೇವಾಲಯಗಳಲ್ಲಿ ಇಂತಿಂಥ ಸೇವೆಗೆಂದೇ ಬಿಟ್ಟ ದತ್ತಿಗೂ ‘ಕಟ್ಟಳೈ’ ಎಂದೇ ಹೆಸರು. ತೆಲುಗಿನಲ್ಲಿ ‘ಕಟ್ಟಡ’ ಎಂದರೆ ಕಟ್ಟಳೆ. ‘ಕಟ್ಟಡಿ’ ಎಂದರೆ ಹತೋಟಿ. ಕೊರೊನಾ ಕಾಲದಲ್ಲಿ ಸೋಂಕು ಹರಡದಂತೆ ತಡೆಯುವ ಕ್ರಮಗಳಿಗೆಲ್ಲ ತೆಲುಗು ಪತ್ರಿಕೆಗಳು ಆ ಪದವನ್ನೇ ಬಳಸಿದವು. ಕನ್ನಡದಲ್ಲಿ ‘ಕಟ್ಟಡ’ ಇಟ್ಟಿಗೆ ಗಾರೆಯ ಕಡೆಗೆ ಹೋಯಿತು, ‘ಕಟ್ಟಳೆ’ ನಿಯಮದ ಕಡೆಗೆ ಬಂತು.

ಹಳಗನ್ನಡದ ಶಾಸನಗಳಲ್ಲಿ ಈ ಕ್ರಿಯಾಪದಕ್ಕೆ ಎರಡು ದೊಡ್ಡ ನೆಲೆಗಳಿವೆ. ಒಂದು ‘ಪಟ್ಟಂಗಟ್ಟು’. ಪಟ್ಟವೆಂದರೆ ಹಣೆಗೆ ಕಟ್ಟುವ ಪಟ್ಟಿ. ಅದನ್ನು ಕಟ್ಟಿಸಿಕೊಂಡವನು ಅರಸ. ಆಳುವ ಅಧಿಕಾರವೇ ಒಬ್ಬರು ಇನ್ನೊಬ್ಬರ ಹಣೆಗೆ ಕಟ್ಟುವ ಕೆಲಸದಿಂದ ಶುರುವಾಗುತ್ತಿತ್ತು. ಇನ್ನೊಂದು ‘ಕೆಱೆಯಂ ಕಟ್ಟಿಸು’. ಕೆರೆ ಕಟ್ಟಿಸಿದವರಿಗೆ ಬಿಟ್ಟ ಭೂಮಿಯನ್ನು ‘ಕಟ್ಟುಕೊಡಗೆ’ ಎಂದು ಶಾಸನಗಳು ಕರೆಯುತ್ತವೆ. ಅರಸೊತ್ತಿಗೆಗೂ ನೀರಿಗೂ ಒಂದೇ ಕ್ರಿಯಾಪದ ದುಡಿಯುತ್ತಿದ್ದುದರಿಂದ, ಎರಡಕ್ಕೂ ಬೇಕಾದ ನಿಯಮಕ್ಕೆ ಅದೇ ಪದ ಹಬ್ಬಿದ್ದು ಸಹಜ. ‘ಬೆಲೆ ಕಟ್ಟು’, ‘ಕಂದಾಯ ಕಟ್ಟು’, ‘ಪಣ ಕಟ್ಟು’, ಪಥ್ಯದಲ್ಲಿ ‘ಬಾಯಿ ಕಟ್ಟು’ ಎಂಬ ಬಳಕೆಗಳಲ್ಲೂ ಇಷ್ಟೇ ಎಂದು ಗೆರೆ ಹಾಕುವ ಅರ್ಥವಿದೆ.

ಬೇರೆ ನುಡಿಗಳು ಇದೇ ಕೆಲಸಕ್ಕೆ ಬೇರೆ ಬೇರೆ ಸಾಧನ ಹಿಡಿದವು. ಸಂಸ್ಕೃತದ ‘ಯಮ್’ ಧಾತುವಿಗೆ ಹಿಡಿದು ನಿಲ್ಲಿಸು, ಲಗಾಮು ಬಿಗಿ ಎಂಬ ಅರ್ಥ. ‘ಯಂತೃ’ ಎಂದರೆ ಸಾರಥಿ, ‘ಯಂತ್ರ’ ಎಂದರೆ ಮೂಲದಲ್ಲಿ ಹಿಡಿದಿಡುವ ಸಾಧನ. ನಿಯಮ, ಸಂಯಮ, ನಿಯಂತ್ರಣ ಎಲ್ಲವೂ ಆ ಬಳ್ಳಿಯ ಕಾಯಿಗಳೇ. ಲ್ಯಾಟಿನ್‌ನ ‘ರೆಗುಲಾ’ ನೇರವಾದ ಮರದ ಪಟ್ಟಿ. ಅದರಿಂದ ಇಂಗ್ಲಿಷಿನ ರೂಲು, ರೆಗ್ಯುಲೇಶನ್ ಹುಟ್ಟಿ, ನಮ್ಮ ಮನೆಗಳ ಫ್ಯಾನಿಗೂ ಗ್ಯಾಸಿನ ಅಂಡೆಗೂ ಬೇಕಾದ ರೆಗ್ಯುಲೇಟರ್ ಬಂತು. ಅರಬ್ಬಿಯಿಂದ ಬಂದ ‘ಕಾನೂನು’ ಕೂಡ ಗ್ರೀಕಿನ ಅಳತೆಗೋಲಿನ ಹೆಸರು. ‘ಕಾಯಿದೆ’ಯ ಮೂಲವಾದ ಅರಬ್ಬಿ ಪದಕ್ಕೆ ತಳಹದಿ ಎಂದರ್ಥ. ಲಗಾಮು ಹಿಡಿಯುವವನು ಮೇಲೆ ಕೂತಿರುತ್ತಾನೆ, ಅಳತೆಗೋಲು ಅಳೆಯಬೇಕಾದ ವಸ್ತುವಿನ ಹೊರಗಿರುತ್ತದೆ. ಗಂಟು ಹಾಕುವವನ ಕೈ ಮಾತ್ರ ಹಗ್ಗದೊಳಗೇ ಇರುತ್ತದೆ. ತುಳುನಾಡಿನ ಕಟ್ಟುಗಳನ್ನು ನೋಡುವಾಗ ಈ ವ್ಯತ್ಯಾಸ ಮುಖ್ಯ: ಅವುಗಳಲ್ಲಿ ಹೆಚ್ಚಿನವು ಕಟ್ಟುವವರನ್ನೂ ಕಟ್ಟಿಹಾಕುತ್ತಿದ್ದವು.

ನೀರಿನ ಕಟ್ಟ

ಕರಾವಳಿಯಲ್ಲಿ ಕಟ್ಟು ಎಂಬ ಕೆಲಸದ ಹಳೆಯ, ಇಂದಿಗೂ ಉಳಿದ ರೂಪ ‘ಕಟ್ಟ’. ಮಳೆ ನಿಂತು ಹೊಳೆಯ ಸೆಳೆತ ತಗ್ಗಿದ ಮೇಲೆ, ನವೆಂಬರ್–ಡಿಸೆಂಬರಿನ ಹೊತ್ತಿಗೆ, ಕಲ್ಲು, ಮಣ್ಣು, ಕಾಡುಮರದ ಗೂಟ, ಸೊಪ್ಪು, ಅಡಿಕೆ ಮರದ ಸಲಾಕೆಗಳಿಂದ ಹೊಳೆಗೆ ಅಡ್ಡಲಾಗಿ ಹಾಕುವ ತಾತ್ಕಾಲಿಕ ಒಡ್ಡು ಅದು. ಮುಂದಿನ ಮುಂಗಾರಿನ ಮೊದಲ ಪ್ರವಾಹಕ್ಕೆ ಅದು ಕೊಚ್ಚಿಹೋಗುತ್ತದೆ. ಹೋಗಬೇಕೆಂದೇ ಅದನ್ನು ಹಾಗೆ ಕಟ್ಟುವುದು. ಘಟ್ಟದ ಬುಡದ ಹೊಳೆಯನ್ನು ಮಳೆಗಾಲದಲ್ಲಿ ತಡೆದರೆ ಅದು ದಡವನ್ನೇ ತಿನ್ನುತ್ತದೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕಡೆಯ ಗುಡ್ಡಗಳು ಕುಸಿದು ಹೊಳೆಗಳು ಮರಳು, ಮರದ ದಿಮ್ಮಿಗಳ ಸಮೇತ ತೋಟಗಳಿಗೆ ನುಗ್ಗಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಟ್ಟದ ನೀರು ಯಾರದು ಎಂಬ ಪ್ರಶ್ನೆಯಲ್ಲಿ ಕಟ್ಟ ಕಟ್ಟಳೆಯಾಗುತ್ತದೆ. ತುಳುನಾಡಿನ ಗದ್ದೆಗಳಲ್ಲಿ ಮೂರು ದರ್ಜೆ. ಬೆಟ್ಟು ಗದ್ದೆಗೆ ಮಳೆಗಾಲದ ಏಣೆಲು ಬೆಳೆ ಮಾತ್ರ, ಮಜಲಿಗೆ ಏಣೆಲಿನ ಮೇಲೆ ಸುಗ್ಗಿ, ಬೈಲಿಗೆ ಬೇಸಿಗೆಯ ಕೊಳಕೆಯೂ ಸೇರಿ ಮೂರು ಬೆಳೆ. ಸುಗ್ಗಿ ಮತ್ತು ಕೊಳಕೆ ಕಟ್ಟದ ನೀರನ್ನು ನಂಬಿದ್ದವು. ಮೇಲಿನವರು ಎಷ್ಟು ಎತ್ತರ ಕಟ್ಟಬೇಕು, ಕೆಳಗಿನವರಿಗೆ ಯಾವಾಗ ನೀರು ಬಿಡಬೇಕು, ಕಟ್ಟುವ ದಿನ ಯಾವ ಮನೆಯಿಂದ ಎಷ್ಟು ಆಳು, ಯಾರ ಗುಡ್ಡೆಯಿಂದ ಮಣ್ಣು, ಯಾರ ಕಾಡಿನಿಂದ ಸೊಪ್ಪು ಎಂಬುದೆಲ್ಲ ಬಾಯಿಮಾತಿನ ಒಪ್ಪಂದವಾಗಿತ್ತು. ಆಳು ಕಳಿಸದ ಮನೆ ನೀರು ಕೇಳುವ ಹಾಗಿರಲಿಲ್ಲ. ವರ್ಷಕ್ಕೊಮ್ಮೆ ಕಟ್ಟ ಕೊಚ್ಚಿಹೋಗುತ್ತಿದ್ದುದರಿಂದ ವರ್ಷಕ್ಕೊಮ್ಮೆ ಈ ಒಪ್ಪಂದವೂ ಹೊಸದಾಗಬೇಕಿತ್ತು. ಬರೆದಿಟ್ಟ ಕಾಯಿದೆ ಯಾರೂ ಮುಟ್ಟದೆ ಹೋದರೂ ಪುಸ್ತಕದಲ್ಲಿ ಬದುಕಿರುತ್ತದೆ, ಕಟ್ಟದ ಕಟ್ಟಳೆ ಒಂದು ವರ್ಷ ಜನ ಸೇರದಿದ್ದರೆ ಸತ್ತಂತೆಯೇ. ಪಂಪುಸೆಟ್ಟು, ಕೊಳವೆಬಾವಿಗಳು ಬಂದು ಪ್ರತಿ ಮನೆಗೂ ಅದರದೇ ನೀರು ಸಿಕ್ಕ ಮೇಲೆ ಎಷ್ಟೋ ಕಡೆ ಆದದ್ದು ಅದೇ. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ಏತಡ್ಕದಲ್ಲಿ ಕೃಷಿಕರು ಸಾಲುಕಟ್ಟಗಳನ್ನು ಬಿಡದೆ ಉಳಿಸಿಕೊಂಡರು. ಪುತ್ತೂರಿನಿಂದ ಬರುವ ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆಯವರು ಅವನ್ನು ಕುರಿತು ಬರೆದು ಹೊರಜಗತ್ತಿಗೆ ತಿಳಿಸಿದರು. ಈಚೆಗೆ ರಾಜ್ಯ ಸರ್ಕಾರದ ಪಶ್ಚಿಮವಾಹಿನಿ ಯೋಜನೆಯಡಿ ಕಾಂಕ್ರೀಟಿನ ಕಿಂಡಿ ಅಣೆಕಟ್ಟುಗಳು ಬಂದಿವೆ. ಅವುಗಳ ಗೋಡೆ ಶಾಶ್ವತ, ಹಲಗೆ ಮಾತ್ರ ವರ್ಷವರ್ಷ ಹಾಕಿ ತೆಗೆಯಬೇಕು. ಹಲಗೆ ಯಾರು ಹಾಕಬೇಕು ಎಂಬುದು ಇತ್ಯರ್ಥವಾಗದ ಕಡೆ ಕಾಂಕ್ರೀಟು ನಿಂತಿರುತ್ತದೆ, ನೀರು ನಿಲ್ಲುವುದಿಲ್ಲ.

ಕಟ್ಟುಕಟ್ಟಳೆ ಮತ್ತು ನೇಮ

ತುಳುವಿನಲ್ಲಿ ‘ಕಟ್ಟ್–ಕಟ್ಲೆ’ ಎಂಬ ಜೋಡಿಪದ ಮೊದಲು ಕೇಳಿಸುವುದು ದೈವದ ಸಾನದಲ್ಲಿ. ಭೂತಾರಾಧನೆಯ ಉತ್ಸವಕ್ಕೆ ‘ನೇಮ’ ಎಂದು ಹೆಸರು. ನೇಮ ಎಂಬುದು ‘ನಿಯಮ’ದ ತದ್ಭವ. ಕನ್ನಡದ ‘ನೇಮನಿಷ್ಠೆ’ಯಲ್ಲಿ ಅದು ವ್ರತದ ಅರ್ಥದಲ್ಲಿ ಉಳಿಯಿತು, ತುಳುನಾಡಿನಲ್ಲಿ ಇಡೀ ರಾತ್ರಿಯ ಒಂದು ವ್ಯವಸ್ಥೆಗೇ ಹೆಸರಾಯಿತು. ಭಂಡಾರ ಯಾವ ಮನೆಯಿಂದ ಹೊರಡಬೇಕು, ದೀವಟಿಗೆ ಯಾರು ಹಿಡಿಯಬೇಕು, ದೈವ ಕಟ್ಟುವ ಪಂಬದ, ಪರವ, ನಲಿಕೆಯವರಲ್ಲಿ ಯಾರು ಯಾವ ದೈವಕ್ಕೆ ನಿಲ್ಲಬೇಕು, ಅವರಿಗೆ ಎಣ್ಣೆ–ವೀಳ್ಯ ಕೊಡುವ ಎಣ್ಣೆಬೂಳ್ಯ ಯಾರ ಕೈಯಿಂದ ಸಲ್ಲಬೇಕು, ಪ್ರಸಾದ ಊರಿನ ಹಿರಿಮನೆಗಳಾದ ಗುತ್ತುಗಳಲ್ಲಿ ಯಾವುದಕ್ಕೆ ಮೊದಲು ಎಂಬುದೆಲ್ಲ ಗೊತ್ತಾದದ್ದೇ. ಗುತ್ತಿನ ಯಜಮಾನ ಗಡಿ ಹಿಡಿದ (ಪಟ್ಟಕ್ಕೆ ಬಂದ) ಮೇಲೆ ಊರಿನ ಮುಖ್ಯಸ್ಥ ನಿಜ, ಆದರೆ ನೇಮದ ಕಣದಲ್ಲಿ ದೈವ ತನ್ನ ನುಡಿಯಲ್ಲಿ ಕಟ್ಟುಕಟ್ಟಳೆ ಸರಿಯಾಗಿ ನಡೆದಿದೆಯೇ ಎಂದು ಕೇಳುವುದು ಅವನನ್ನೇ. ಲೋಪವಾಗಿದ್ದರೆ ಊರವರ ಎದುರು ಕೈಮುಗಿದು ಒಪ್ಪಿಕೊಳ್ಳಬೇಕಾದವನೂ ಅವನೇ. ಹಲವು ಊರುಗಳು ಸೇರಿದ ಹಳೆಯ ಮಾಗಣೆ ವ್ಯವಸ್ಥೆಯಲ್ಲಿ ಅಧಿಕಾರ ಇದ್ದವನನ್ನು ಪ್ರಶ್ನಿಸುವ ಬಾಯಿ ಸಾಮಾಜಿಕವಾಗಿ ತೀರ ಕೆಳಗಿಟ್ಟ ಸಮುದಾಯದ, ದೈವ ಕಟ್ಟಿದವನದ್ದಾಗಿತ್ತು ಎಂಬುದನ್ನು ಮರೆಯಬಾರದು. ನೇಮ ಮುಗಿದ ಬೆಳಿಗ್ಗೆ ಅವನೇ ಅಂಗಳದ ಹೊರಗೆ ನಿಲ್ಲಬೇಕಾಗಿತ್ತು ಎಂಬುದನ್ನೂ ಮರೆಯಬಾರದು.

ವ್ಯಾಜ್ಯಗಳ ಮಟ್ಟಿಗೆ ಈ ಸೀಮೆಯವರು ಧರ್ಮಸ್ಥಳಕ್ಕೆ ಹೋಗುತ್ತ ಬಂದಿದ್ದಾರೆ. ಅಲ್ಲಿ ಧರ್ಮಾಧಿಕಾರಿಗಳಾದ ಹೆಗ್ಗಡೆಯವರು ಎರಡೂ ಕಡೆಯವರನ್ನು ಕೂರಿಸಿ ‘ಹೊಯ್ಲು’ ಕೇಳುವ ಪದ್ಧತಿ ಇದೆ. ಗಡಿತಕರಾರು, ಸಾಲ, ಪಾಲಿನ ಜಗಳಗಳು ವಕೀಲರಿಲ್ಲದೆ ಅಲ್ಲಿ ತೀರ್ಮಾನವಾಗುವುದುಂಟು. ‘ಮಾತು ಬಿಡ ಮಂಜುನಾಥ, ಕಾಸು ಬಿಡ ತಿಮ್ಮಪ್ಪ’ ಎಂಬ ಗಾದೆಯ ಮೊದಲರ್ಧ ಈ ನಂಬಿಕೆಯಿಂದ ಬಂದದ್ದು. ಆಡಿದ ಮಾತೇ ಕಟ್ಟು, ಬಿಡಿಸಿಕೊಳ್ಳುವುದು ಸುಲಭವಲ್ಲ. ಕಾಗದ ಕಡಿಮೆಯಿದ್ದ ಕಾಲದಲ್ಲಿ ಆಣೆಯೇ ದಸ್ತಾವೇಜು.

ಅಳಿಯಕಟ್ಟು

‘ಕಟ್ಟು’ ನಾಮಪದವಾಗಿ ಒಂದು ಇಡೀ ಕಾನೂನು ಪದ್ಧತಿಯ ಹೆಸರಾದದ್ದು ಅಳಿಯಕಟ್ಟಿನಲ್ಲಿ. ತುಳುನಾಡಿನಲ್ಲಿ ಮನೆತನಗಳು ಎರಡು ಬಗೆ. ಆಸ್ತಿ ಮತ್ತು ಹೆಸರು ತಂದೆಯಿಂದ ಮಕ್ಕಳಿಗೆ ಹೋಗುವುದು ಮಕ್ಕಳಕಟ್ಟು. ತಾಯಿಯ ಬಳಿಯಲ್ಲಿ, ಅಂದರೆ ಮಾವನಿಂದ ಸೋದರಳಿಯನಿಗೆ ಹೋಗುವುದು ಅಳಿಯಕಟ್ಟು ಅಥವಾ ಅಳಿಯಸಂತಾನ. ಬಂಟರು, ಬಿಲ್ಲವರು, ಮೊಗವೀರರು ಮತ್ತು ಜೈನ ಅರಸುಮನೆತನಗಳು ಅಳಿಯಕಟ್ಟಿನವು. ವೇಣೂರಿನ ಅಜಿಲರು, ಬಂಗಾಡಿಯ ಬಂಗರು, ಮೂಡುಬಿದಿರೆಯ ಚೌಟರು ಎಲ್ಲರೂ ಈ ಕಟ್ಟಿನೊಳಗಿನವರು; ಪೋರ್ಚುಗೀಸರೊಡನೆ ಕಾದಾಡಿದ ಉಳ್ಳಾಲದ ರಾಣಿ ಅಬ್ಬಕ್ಕ ಪಟ್ಟವೇರಿದ್ದು ಚೌಟರ ಈ ಪದ್ಧತಿಯಿಂದ. 1604ರಲ್ಲಿ ವೇಣೂರಿನಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ತಿಮ್ಮಣ್ಣ ಅಜಿಲನೂ ಅದೇ ಪರಂಪರೆಯವನು.

ಈ ಕಟ್ಟಿನ ಹುಟ್ಟಿಗೆ ಒಂದು ಕಥೆಯಿದೆ. ದೇವಪಾಂಡ್ಯನೆಂಬವನು ಹಡಗುಗಳನ್ನು ಮಾಡಿಸಿದಾಗ ಕುಂಡೋದರನೆಂಬ ಭೂತ ನರಬಲಿ ಕೇಳಿತು. ಹೆಂಡತಿ ತನ್ನ ಮಕ್ಕಳನ್ನು ಕೊಡಲೊಪ್ಪಲಿಲ್ಲ. ತಂಗಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ಒಪ್ಪಿಸಿದಳು. ಭೂತ ಹುಡುಗನನ್ನು ಕೊಲ್ಲದೆ ಭೂತಾಳಪಾಂಡ್ಯನೆಂದು ಹೆಸರಿಟ್ಟು ಅರಸನನ್ನಾಗಿ ಮಾಡಿತು. ಇನ್ನು ಮುಂದೆ ಆಸ್ತಿ ಅಳಿಯನಿಗೇ ಎಂದು ಕಟ್ಟು ಮಾಡಿತು. ಈ ಕಥೆಯೊಡನೆ ‘ಭೂತಾಳಪಾಂಡ್ಯನ ಅಳಿಯಸಂತಾನದ ಕಟ್ಟುಕಟ್ಟಳೆ’ ಎಂಬ ಬರಹ 19ನೆಯ ಶತಮಾನದಲ್ಲಿ ಅಚ್ಚಾಗಿ ಕೋರ್ಟುಗಳವರೆಗೂ ಹೋಯಿತು. ವಿದ್ವಾಂಸರು ಅದರ ಪ್ರಾಚೀನತೆಯನ್ನು ಒಪ್ಪಲಿಲ್ಲ. ಒಪ್ಪದಿರುವುದಕ್ಕೆ ಕಾರಣಗಳೂ ಇದ್ದವು, ಆದರೆ ಅಳಿಯಕಟ್ಟು ನಿಂತಿದ್ದುದು ಆ ಪುಸ್ತಕದ ಮೇಲಲ್ಲ. ಅದು ಮನೆಮನೆಯ ನಡವಳಿಕೆಯಲ್ಲಿತ್ತು. ಪುಸ್ತಕ ಬೇಕಾದದ್ದು ನ್ಯಾಯಾಧೀಶರಿಗೆ.

ಕೋರ್ಟಿನ ಕೈಗೆ ಬಂದ ಮೇಲೆ ಕಟ್ಟು ಇನ್ನಷ್ಟು ಬಿಗಿಯಾಯಿತು. 1863ರಲ್ಲಿ ಮದ್ರಾಸ್ ಹೈಕೋರ್ಟು, ಅಳಿಯಸಂತಾನ ಕುಟುಂಬದ ಸದಸ್ಯರೊಬ್ಬರು ಪಾಲು ಕೇಳಿ ಆಸ್ತಿ ಒಡೆಸುವಂತಿಲ್ಲ ಎಂಬ ನಿಲುವು ತಳೆಯಿತು. ಊರಿನಲ್ಲಿ ಕುಟುಂಬಗಳು ಒಪ್ಪಿ ಬೇರೆಯಾಗುವುದಕ್ಕೆ, ಅನುಕೂಲಕ್ಕೆ ತಕ್ಕಂತೆ ಉಣ್ಣುವ ಭೂಮಿ ಹಂಚಿಕೊಳ್ಳುವುದಕ್ಕೆ ದಾರಿಗಳಿದ್ದವು. ತೀರ್ಪಿನ ಅಕ್ಷರಕ್ಕೆ ಆ ಮೆದುತನವಿರಲಿಲ್ಲ. ಯಜಮಾನನೋ ಯಜಮಾನ್ತಿಯೋ ಆಡಳಿತ ನಡೆಸುವ, ಹತ್ತಾರು ಮಂದಿ ಒಂದೇ ಸೂರಿನಡಿ ಇರುವ ದೊಡ್ಡಮನೆಗಳು ಕೋರ್ಟುಕಚೇರಿಯಲ್ಲಿ ಸವೆದವು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕೊನೆಗೂ ಕುಟುಂಬದ ಕವಲುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. ಆ ಕಾಯಿದೆ ತುಳುವಿನ ‘ಕವರು’ ಎಂಬ ಪದವನ್ನೇ ಎತ್ತಿಕೊಂಡು ಸಂತತಿ ಕವರು, ನಿಸ್ಸಂತತಿ ಕವರು ಎಂದು ಎರಡು ಮಾಡಿತು. ಸಂತತಿ ಕವರು ಇರುವಾಗ ನಿಸ್ಸಂತತಿ ಕವರಿಗೆ ಬಂದ ಪಾಲು ಜೀವಿತಕಾಲದ ಅನುಭೋಗಕ್ಕೆ ಮಾತ್ರ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಇದರ ಮೇಲೆ ಕೂತಾಗ, ಆ ಜೀವಿತಕಾಲದ ಹಕ್ಕನ್ನು ಉಯಿಲು ಬರೆದು ಕೊಡಬಹುದೇ ಎಂಬ ತೊಡಕು ಎದ್ದು, 1973ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮದುವೆಯಾದ ಮೇಲೂ ತವರಿನಲ್ಲೇ ಹಕ್ಕುಳ್ಳವಳಾಗಿದ್ದ ಹೆಣ್ಣಿಗೆ ಹಳೆಯ ಕಟ್ಟು ಕೊಟ್ಟಿದ್ದ ನೆಲೆ ದೊಡ್ಡದು. ಅದು ಕರಗಿದ್ದನ್ನು ಬರಿಯ ‘ಸುಧಾರಣೆ’ ಎಂದು ಕರೆದು ಮುಂದೆ ಹೋಗುವುದು ಅನ್ಯಾಯ.

ಶಿಸ್ತಿನಿಂದ ರೆಗ್ಯುಲೇಶನ್‌ವರೆಗೆ

ಹೊರಗಿನ ಅರಸುಗಳು ತಮ್ಮ ಪದಗಳನ್ನು ತಂದವು. 1645ರಿಂದ 1660ರವರೆಗೆ ಆಳಿದ ಕೆಳದಿಯ ಶಿವಪ್ಪ ನಾಯಕನ ಕಂದಾಯ ವ್ಯವಸ್ಥೆಗೆ ‘ಶಿಸ್ತು’ ಎಂದು ಹೆಸರು. ಕರಾವಳಿಯ ಭೂಮಿಗೂ ಅದು ತಾಗಿತು. ಆಗ ಗೊತ್ತುಪಡಿಸಿದ ತೆರಿಗೆಯ ಮೊತ್ತಕ್ಕಿದ್ದ ಆ ಹೆಸರು ಇಂದು ಶಾಲೆಯ ಮಕ್ಕಳ ನಡತೆಗೆ ಬಳಕೆಯಾಗುತ್ತಿದೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು, ತಾಮಸ್ ಮನ್ರೋ ಮೊದಲ ಕಲೆಕ್ಟರಾಗಿ ಬಂದ. ಕಂಪನಿ ಸರ್ಕಾರ ಮದ್ರಾಸಿನಲ್ಲಿ ಹೊರಡಿಸುತ್ತಿದ್ದ ಕಾನೂನುಗಳ ಹೆಸರೇ ‘ರೆಗ್ಯುಲೇಶನ್’. 1862ರಲ್ಲಿ ಉತ್ತರದ ಭಾಗ ಬೊಂಬಾಯಿಗೆ ಹೋಯಿತು. ದಕ್ಷಿಣ ಕೆನರಾ, ಅದರೊಡನೆ ನೆರಿಯವೂ, 1956ರವರೆಗೆ ಮದ್ರಾಸಿನ ಕಾಯಿದೆಗಳಡಿಯೇ ಉಳಿಯಿತು.

ಕಾಡಂಚಿನ ಈ ಊರುಗಳಿಗೆ ಹೆಚ್ಚು ತಟ್ಟಿದ್ದು ಕಾಡಿನ ನಿಯಮಗಳು. ಕಾಡು ಕಡಿದು ಸುಟ್ಟು ಬಿತ್ತುವ ಕುಮರಿಗೆ 1860ರ ಸುಮಾರಿಗೆ ಮದ್ರಾಸ್ ಸರ್ಕಾರ ತಡೆ ಹಾಕಿತು. ಘಟ್ಟದ ಬದಿಯ ಮಲೆಕುಡಿಯರಂಥ ಸಮುದಾಯಗಳಿಗೆ ಕಾಡಿನೊಡನಿದ್ದ ಸಂಬಂಧ ಅಲ್ಲಿಂದ ಸಡಿಲವಾಗುತ್ತ ಬಂತು. ಇನ್ನೊಂದು ಕಡೆ, ಪಟ್ಟಾ ಇರುವ ವರ್ಗಜಮೀನಿನ ಸುತ್ತ 100 ಗಜದೊಳಗಿನ ಸರ್ಕಾರಿ ಜಾಗದಿಂದ ಸೊಪ್ಪು, ತರಗೆಲೆ, ಕಟ್ಟಿಗೆ ತರುವ ಸವಲತ್ತು ‘ಕುಮ್ಕಿ’ ಎಂಬ ಹೆಸರಿನಲ್ಲಿ ಉಳಿಯಿತು. ನೆರವು ಎಂಬರ್ಥದ ಪಾರಸಿ ಪದ ಅದು. 1964ರ ಕರ್ನಾಟಕ ಭೂಕಂದಾಯ ಕಾಯಿದೆ ಆ ಸವಲತ್ತನ್ನು ಮುಂದುವರಿಸಿತು. ಜಮೀನಿದ್ದವನಿಗೆ ಮಾತ್ರ ಸಿಗುವ ನೆರವು ಎಂಬುದೇ ಅದರ ಮಿತಿ. ಮುಂದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಚಾಲಗೇಣಿ, ಮೂಲಗೇಣಿ ಎಂಬ ಒಕ್ಕಲುತನದ ಪದ್ಧತಿಗಳ ಬುಡವನ್ನೇ ಅಲುಗಿಸಿತು. ‘ಡಿಕ್ಲರೇಶನ್’ ಕೊಟ್ಟು ಜಾಗ ಪಡೆದ ಒಕ್ಕಲುಗಳ ಮನೆಗಳಲ್ಲಿ ಆ ಇಂಗ್ಲಿಷ್ ಪದ ಇಂದಿಗೂ ಮನೆಮಾತು. ನೇಮದ ಖರ್ಚನ್ನು ಗೇಣಿಯಿಂದ ಹೊರುತ್ತಿದ್ದ ಗುತ್ತುಗಳು ಬಡವಾದವು. ಹಲವು ಕಡೆ ನೇಮ ಊರವರ ಸಮಿತಿಗಳ ಕೈಗೆ ಬಂತು. ಕಟ್ಟುಕಟ್ಟಳೆ ಹಾಗೇ ಇದ್ದು, ಅದನ್ನು ಹೊರುವ ಹೆಗಲು ಬದಲಾಯಿತು.

ಕಟ್ಟಳೆಯ ಮೇಲೆ ಕಾನೂನು

ಊರಿನ ಕಟ್ಟು ತನ್ನಿಂದ ತಾನೇ ನ್ಯಾಯವಲ್ಲ. ಕೊರಗ ಸಮುದಾಯವನ್ನು ಮನುಷ್ಯರಿಗಿಂತ ಕೀಳಾಗಿ ಕಾಣುತ್ತಿದ್ದ ‘ಅಜಲು’ ಕೂಡ ಕಟ್ಟುಕಟ್ಟಳೆಯ ಹೆಸರಿನಲ್ಲೇ ನಡೆಯಿತು. ಉಗುರು ಕೂದಲು ಬೆರೆಸಿದ ಅನ್ನ ಕೊಡುವುದು, ಕೆಸರುಗದ್ದೆಯ ಕೋಣಗಳ ಓಟವಾದ ಕಂಬಳದ ಹಿಂದಿನ ರಾತ್ರಿ ಗದ್ದೆಯ ಬದಿ ಕೂರಿಸುವ ‘ಪನಿ ಕುಲ್ಲುನಿ’, ಡೋಲು ಬಾರಿಸಲೇಬೇಕೆಂಬ ಬಲವಂತ ಎಲ್ಲವೂ ಅದರೊಳಗಿದ್ದವು. 2000ದ ಕರ್ನಾಟಕ ಕೊರಗರ (ಅಜಲು ಪದ್ಧತಿ ನಿಷೇಧ) ಕಾಯಿದೆ ಅದನ್ನು ಅಪರಾಧವೆಂದು ಸಾರಿತು. ಈ ಗಂಟನ್ನು ಊರು ತಾನಾಗಿ ಬಿಚ್ಚಲಿಲ್ಲ. ಹೊರಗಿನ ಕಾನೂನೇ ಕತ್ತರಿಸಬೇಕಾಯಿತು. ಕಟ್ಟು ಎಲ್ಲರನ್ನೂ ಸಮನಾಗಿ ಬಿಗಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಕಠೋರ ಸಾಕ್ಷಿ ಬೇಡ.

ಕಂಬಳದ ವಿಷಯ ಬೇರೆ ಬಗೆಯದು. ಅದಕ್ಕೆ ಒಳಗಿನ ನಿಯಮಗಳು ಹೇರಳ: ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂಬ ವಿಭಾಗಗಳು, ಹಗ್ಗ ಮತ್ತು ನೇಗಿಲಿನಲ್ಲಿ ಹಿರಿಯ, ಕಿರಿಯ ಎಂಬ ಭೇದ, ಕನೆಹಲಗೆಯಲ್ಲಿ ಚಿಮ್ಮಿದ ನೀರು ತಾಗಬೇಕಾದ ನಿಶಾನೆಯ ಎತ್ತರವನ್ನು ಕೋಲಿನ ಲೆಕ್ಕದಲ್ಲಿ ಹೇಳುವ ಕ್ರಮ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಪ್ರಕರಣದಲ್ಲಿ ಕೊಟ್ಟ ತೀರ್ಪಿನ ನೆರಳು ಕಂಬಳದ ಮೇಲೂ ಬಿತ್ತು. (ಜಲ್ಲಿಕಟ್ಟು ಎಂಬ ಹೆಸರಿನೊಳಗೂ ನಮ್ಮ ಕ್ರಿಯಾಪದವೇ ಇದೆ.) 2016ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಕಂಬಳಕ್ಕೆ ತಡೆ ಕೊಟ್ಟಿತು. ಮರುವರ್ಷ ರಾಜ್ಯ ಸರ್ಕಾರ ಮೊದಲು ಸುಗ್ರೀವಾಜ್ಞೆ, ಆಮೇಲೆ ತಿದ್ದುಪಡಿ ಕಾಯಿದೆ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಮೂಡುಬಿದಿರೆಯ ಕೋಟಿ–ಚೆನ್ನಯ ಜೋಡುಕರೆಯಲ್ಲೂ ವೇಣೂರಿನ ಸೂರ್ಯ–ಚಂದ್ರ ಜೋಡುಕರೆಯಲ್ಲೂ ಕೋಣಗಳು ಓಡುವುದು ಈಗ ಎರಡು ಕಟ್ಟುಗಳೊಳಗೆ: ಊರಿನದೊಂದು, ಪ್ರಾಣಿಹಿಂಸೆ ತಡೆಯುವ ಕಾಯಿದೆಯದೊಂದು. ಕೋಣಗಳಿಗೆ ಬೀಳುವ ಹೊಡೆತ ಕಡಿಮೆಯಾದದ್ದು ಒಳ್ಳೆಯದೇ ಆಯಿತು.

ನೆರಿಯದ ಕೊಳವೆ

ಇಷ್ಟೆಲ್ಲ ಇತಿಹಾಸದ ಮೇಲೆ ನೆರಿಯದಲ್ಲೇ ಒಂದು ಹೊಸ ಬಗೆಯ ಕಟ್ಟಳೆ ಬಂದು ಕೂತಿತು. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿನ ಬಳಿಯ ದೇವನಗೊಂದಿಗೆ ಪೆಟ್ರೋಲು, ಡೀಸೆಲು, ಸೀಮೆಎಣ್ಣೆ ಸಾಗಿಸುವ ಸುಮಾರು 360 ಕಿಲೋಮೀಟರಿನ ಕೊಳವೆ ಮಾರ್ಗ 2003ರಲ್ಲಿ ಶುರುವಾಯಿತು. ಅದರ ನಡುವಿನ ಒಂದು ಪಂಪಿಂಗ್ ಠಾಣೆ ನೆರಿಯದಲ್ಲಿದೆ. ಕರಾವಳಿಯ ತೈಲ ಘಟ್ಟ ಹತ್ತುವ ಮೊದಲು ಇಲ್ಲಿ ಮತ್ತೆ ಒತ್ತಡ ಪಡೆಯಬೇಕು. ಒತ್ತಡ ಹೆಚ್ಚಿದರೂ ಅಪಾಯ, ಕಡಿಮೆಯಾದರೂ ತೈಲ ಗುಡ್ಡ ದಾಟದು. ಯಂತ್ರಶಾಸ್ತ್ರದಲ್ಲಿ ನಿಯಂತ್ರಿಸು ಎಂದರೆ ಏನು ಎಂಬುದನ್ನು ಈ ಠಾಣೆ ಹಗಲಿರುಳು ಮಾಡಿ ತೋರಿಸುತ್ತದೆ.

ಕೊಳವೆ ನೆಲದಡಿ ಹೋಗಿದೆ, ನೆಲ ರೈತರದ್ದೇ ಆಗಿ ಉಳಿದಿದೆ. ಇದು 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆ ಮಾರ್ಗಗಳ ಕಾಯಿದೆಯ ವ್ಯವಸ್ಥೆ: ಭೂಮಿಯನ್ನು ಕೊಳ್ಳದೆ ಅದರ ‘ಬಳಕೆಯ ಹಕ್ಕ’ನ್ನಷ್ಟೇ ಸ್ವಾಧೀನಕ್ಕೆ ತೆಗೆದುಕೊಳ್ಳುವುದು. ಅದರ 9ನೆಯ ಪ್ರಕರಣ ಜಮೀನುದಾರನಿಗೆ ಹೇಳುವುದಿಷ್ಟು: ಆ ಪಟ್ಟಿಯ ಮೇಲೆ ಮನೆ ಮುಂತಾದ ಯಾವ ರಚನೆಯನ್ನೂ ಕಟ್ಟಬಾರದು; ಕೆರೆ, ಬಾವಿ, ಜಲಾಶಯ, ಅಣೆಕಟ್ಟು ಮಾಡಬಾರದು; ಮರ ನೆಡಬಾರದು. ಪರಿಹಾರ, ಆಗುವ ನಷ್ಟಕ್ಕಲ್ಲದೆ, ಹಕ್ಕಿನ ಬಾಬ್ತು ಜಮೀನಿನ ಮಾರುಕಟ್ಟೆ ಬೆಲೆಯ ಶೇ. 10. ಭತ್ತ, ತರಕಾರಿ ಬೆಳೆಯುವ ಬಯಲುಸೀಮೆಯ ರೈತನಿಗೆ ಇದು ತಾಳಿಕೊಳ್ಳಬಹುದಾದ ಕಟ್ಟಳೆ. ಅಡಿಕೆ, ತೆಂಗು, ರಬ್ಬರಿನ ಮೇಲೆ ನಿಂತ ಘಟ್ಟದ ಬುಡದ ಕೃಷಿಕನಿಗೆ ಮರ ನೆಡಬಾರದ ಜಾಗವೆಂದರೆ ಕೃಷಿಯೇ ಇಲ್ಲದ ಜಾಗ. ಭೂಮಿ ತನ್ನದಾಗಿಯೇ ಉಳಿದಿದೆ ಎಂಬ ಕಾಗದದಿಂದ ತೋಟ ಎದ್ದೇಳುವುದಿಲ್ಲ. ಇಲ್ಲಿ ಪರಿಹಾರದ ಲೆಕ್ಕವನ್ನು ಬೆಳೆಯ ಬಗೆಗೆ ತಕ್ಕಂತೆ ಕಟ್ಟುವುದು ನ್ಯಾಯ. 1962ರಲ್ಲಿ ಬರೆದ ಒಂದೇ ಅಂಕಿ ಮಲೆನಾಡಿನಂಚಿಗೆ ಸಾಲದು. ಕಟ್ಟದ ಕಟ್ಟಳೆಯಲ್ಲಿ ಕೆಳಗಿನ ಗದ್ದೆಯವನು ವರ್ಷಕ್ಕೊಮ್ಮೆ ಮಾತಾಡುವ ಜಾಗವಾದರೂ ಇತ್ತು.

ಇಂದಿನ ಬಳಕೆ

ಕರ್ನಾಟಕದ ಶಾಸನ ಭಾಷೆಯಲ್ಲಿ ಈಗ ಅಧಿನಿಯಮ, ನಿಯಮ, ವಿನಿಯಮ, ಉಪವಿಧಿ ಎಂಬ ಮೆಟ್ಟಿಲುಗಳಿವೆ. ಶಾಸನಸಭೆ ಮಾಡುವುದು ಅಧಿನಿಯಮ, ಸರ್ಕಾರ ಮಾಡುವುದು ನಿಯಮ, ಮಂಡಳಿ, ವಿಶ್ವವಿದ್ಯಾಲಯಗಳಂಥ ಸಂಸ್ಥೆಗಳು ಮಾಡುವುದು ವಿನಿಯಮ. ಸ್ಥಳೀಯ ಸಂಸ್ಥೆಗಳದ್ದು ಉಪವಿಧಿ. ಮೊದಲ ಮೂರೂ ‘ಯಮ್’ ಧಾತುವಿನವು. ಕಿವಿಗೆ ಒಂದೇ ಥರ ಕೇಳುವುದರಿಂದ ಗ್ರಾಮಸಭೆಗಳಲ್ಲಿ ಗೊಂದಲಕ್ಕೆ ಕಾರಣವಾಗುತ್ತವೆ. ಪತ್ರಿಕೆಗಳು ‘ನಿಯಂತ್ರಣ’, ‘ನಿರ್ಬಂಧ’ಗಳನ್ನು ಹೆಚ್ಚು ಬಳಸುತ್ತವೆ, ಚಾರ್ಮಾಡಿ ಘಟ್ಟದಲ್ಲಿ ಮಳೆಗಾಲದ ವಾಹನ ಸಂಚಾರದ ಸುದ್ದಿಯಲ್ಲಿ ಪ್ರತಿವರ್ಷ ಬರುವುದು ‘ನಿರ್ಬಂಧ’. ‘ಕಟ್ಟಳೆ’ ಮತ್ತು ‘ಕಟ್ಟುಪಾಡು’ ಧರ್ಮ, ಜಾತಿ, ಸಂಪ್ರದಾಯದ ಮಾತಿಗೆ ಸರಿದಿವೆ, ಹಾಗಾಗಿ ಅವುಗಳಿಗೆ ಹಳತು ಎಂಬ ಬಣ್ಣ ಹತ್ತಿದೆ. ಇದು ನಷ್ಟವೇ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು, 1970ರಿಂದ 1995ರ ನಡುವೆ ಎಂಟು ಸಂಪುಟಗಳಲ್ಲಿ ಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು, ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಹೊರತಂದ ಆರು ಸಂಪುಟಗಳ ತುಳು ನಿಘಂಟು ಇವುಗಳಲ್ಲಿ ಈ ಧಾತುವಿನ ಪದಗಳು ಪುಟಗಟ್ಟಲೆ ಹರಡಿವೆ. ಅಣೆಕಟ್ಟು ಎಂಬ ಪದ ತಮಿಳಿನ ದಾರಿಯಿಂದ ಇಂಗ್ಲಿಷಿಗೆ ಹೋಗಿ ‘ಅನಿಕಟ್’ ಆಗಿ ನೀರಾವರಿ ಎಂಜಿನಿಯರರ ಪುಸ್ತಕಗಳಲ್ಲಿ ನೆಲೆಸಿತು. ‘ಕಟ್ಟಳೆ’ಗೆ ಅಂಥ ಯೋಗ ನಮ್ಮದೇ ರಾಜ್ಯದ ಗೆಜೆಟ್ಟಿನಲ್ಲೂ ಬರಲಿಲ್ಲ, ಗ್ರಾಮ ಪಂಚಾಯಿತಿಗಳ ಉಪವಿಧಿಗಳನ್ನಾದರೂ ಆ ಹೆಸರಿನಲ್ಲಿ ಕರೆಯಲು ಅಡ್ಡಿಯೇನೂ ಇಲ್ಲ.